ಕಿವಿಯಿಂದ ಕೂಡಿಸುವ ಶ್ರುತಿ

ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ 1912ರ ರೋಲ್ಸ್ ರಾಯ್ಸ್ ನೋಡಲು ಜನ ಮುಗಿಬೀಳುತ್ತಾರೆ. ನನ್ನ ಮೆಚ್ಚುಗೆಯೆಲ್ಲ ಶಂಶಾಬಾದಿನ ಮನೆಯೊಂದರ ಶೆಡ್ಡಿನಲ್ಲಿರುವ ಮಾರಿಸ್ ಮೈನರಿಗೆ, ಅದನ್ನು ಓಡುವಂತಿಟ್ಟಿರುವ ಚಿಕ್ಕಪ್ಪನ ಬೆರಳುಗಳಿಗೆ.

948 ಸಿಸಿ ಎಂಜಿನ್. ಟ್ಯಾಪೆಟ್ ಸಂದಿಗೆ 0.012 ಇಂಚಿನ ಫೀಲರ್ ಗೇಜ್ ತೂರಿಸುತ್ತಾರೆ. ಅದು ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ತುಸು ಹಿಡಿದು ಬಿಡಬೇಕು. ಆಮೇಲೆ ಎಸ್‌ಯು ಕಾರ್ಬ್ಯುರೇಟರ್. ಡ್ಯಾಶ್‌ಪಾಟಿಗೆ ಒಂದಿಷ್ಟು ಎಣ್ಣೆ. ಎಂಜಿನ್ ಐಡಲಿನಲ್ಲಿರುವಾಗ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತುತ್ತಾರೆ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಮುಗ್ಗರಿಸಿ ಆರಿದರೆ ಗಾಳಿ ಹೆಚ್ಚು. ಕ್ಷಣಮಾತ್ರ ಏರಿ ಇಳಿದರೆ ಸರಿ. ಜೆಟ್ಟಿನ ನಟ್ಟನ್ನು ಒಂದು ಮಗ್ಗುಲಷ್ಟು ತಿರುಗಿಸಿ, ವೀಣೆಯ ತಂತಿ ಬಿಗಿಯುವವರ ಹಾಗೆ ಮತ್ತೆ ಕಿವಿಗೊಡುತ್ತಾರೆ. ಲ್ಯಾಪ್‌ಟಾಪಿನ ಹಂಗಿಲ್ಲ.

1948ರಲ್ಲಿ ಬಂದ ಈ ಕಾರಿನ ವಿನ್ಯಾಸಕಾರ ಅಲೆಕ್ ಇಸಿಗೋನಿಸ್, ಮಾದರಿ ಸಿದ್ಧವಾದ ಮೇಲೆ ಅದನ್ನು ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದನಂತೆ. ಬಾನೆಟ್ಟಿನ ನಡುವಿನ ಉಬ್ಬುಪಟ್ಟಿಯೇ ಅದರ ಗುರುತು. ಪಾಲಿಶ್ ಬಟ್ಟೆ ಅಲ್ಲಿಗೆ ಬಂದಾಗಲೆಲ್ಲ ಚಿಕ್ಕಪ್ಪ, "ನೋಡೋ, ತಪ್ಪನ್ನು ತಿದ್ದಿದ್ದೇ ಅಲಂಕಾರ ಆಯ್ತು" ಎನ್ನುತ್ತಾರೆ. ಈಗಿನವರು ಬಾನೆಟ್ ತೆರೆಯುವುದೇ ಇಲ್ಲ ಎಂಬ ಗೊಣಗಾಟ ಬೇರೆ.