ಕ್ರಿಯಾಟಿನಿನ್ ಏರಿತೆಂದು ಲ್ಯಾಸಿಕ್ಸ್ ನಿಲ್ಲಿಸುವ ರೂಢಿ

ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನದು, 2021ರಿಂದ ವಿಜಯನಗರ ಜಿಲ್ಲೆಯದು. ಆದರೆ ಕಾಲು ಬಾತು, ಮಲಗಿದರೆ ಉಸಿರು ಕಟ್ಟುವವರಿಗೆ ಜಿಲ್ಲಾ ಕೇಂದ್ರ ಹೊಸಪೇಟೆಗಿಂತ ದಾವಣಗೆರೆಯೇ ಹತ್ತಿರ. ಆಸ್ಪತ್ರೆ ಯಾವುದೇ ಇರಲಿ, ಸೇರಿದ ಎರಡು ಮೂರು ದಿನಕ್ಕೆ ಮನೆಯವರು ಕೇಳುವ ಮಾತೊಂದಿದೆ: ‘ಹಾರ್ಟ್ ವೀಕ್ ಐತಿ, ಈಗ ಕಿಡ್ನಿಗೂ ಪೆಟ್ಟು ಬಿದ್ದೈತಿ.’ ರಕ್ತದ ಕ್ರಿಯಾಟಿನಿನ್ 1.2 ಇದ್ದದ್ದು 1.6 ಆಗಿರುತ್ತದೆ. 48 ಗಂಟೆಯೊಳಗೆ 0.3 ಏರಿದರೂ ಅದು ಕಿಡ್ನಿಯ ಹಠಾತ್ ಪೆಟ್ಟೇ ಎನ್ನುತ್ತದೆ 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಂಕಿ ನೋಡಿದ ಕೂಡಲೇ ಎಷ್ಟೋ ಕಡೆ ಮೊದಲು ನಿಲ್ಲುವುದು ನೀರಿಳಿಸುವ ಔಷಧಿ ಲ್ಯಾಸಿಕ್ಸ್. ನನ್ನ ತಕರಾರು ಇರುವುದು ಅಲ್ಲಿ.

ಹೃದಯ ಸರಿಯಾಗಿ ರಕ್ತ ತಳ್ಳದೆ ಕಿಡ್ನಿ ಒಣಗುತ್ತದೆ ಎಂಬ ಹಳೆಯ ನಂಬಿಕೆ ಈ ರೂಢಿಯ ಬೇರು. ಕೆಲವರಲ್ಲಿ ಅದು ನಿಜ: ಬಿ.ಪಿ. ಇಳಿದು ಕೈಕಾಲು ತಣ್ಣಗಾದವರು, ವಾಂತಿ ಭೇದಿಯಲ್ಲಿ ನೀರು ಕಳೆದುಕೊಂಡವರು. ಮೈತುಂಬ ನೀರು ತುಂಬಿಕೊಂಡು ಬಂದವರ ಕಥೆಯೇ ಬೇರೆ. ಅಲ್ಲಿ ರಕ್ತ ಕಿಡ್ನಿಯಿಂದ ಹೊರಬೀಳಲಾರದೆ ಹಿಂದಕ್ಕೆ ಒತ್ತುತ್ತದೆ. ಆ ಒತ್ತಡದಲ್ಲಿ ಸೋಸುವ ಕೆಲಸ ಕುಂದುತ್ತದೆ. ಅಂಥವರಿಗೆ ನೀರಿಳಿಸುವ ಔಷಧಿ ನಿಲ್ಲಿಸಿದರೆ ರೋಗವನ್ನೇ ಸಾಕಿದಂತೆ.

2011ರಲ್ಲಿ ಪ್ರಕಟವಾದ ಡೋಸ್ ಎಂಬ ಪ್ರಯೋಗ ಈ ಔಷಧಿ ಎಷ್ಟು ಕೊಡಬೇಕೆಂಬುದನ್ನು 308 ರೋಗಿಗಳಲ್ಲಿ ಪರೀಕ್ಷಿಸಿತು. ಅರ್ಧದಷ್ಟು ಜನರಿಗೆ ಅವರು ಮನೆಯಲ್ಲಿ ನುಂಗುತ್ತಿದ್ದ ಪ್ರಮಾಣದ ಎರಡೂವರೆ ಪಟ್ಟು ಔಷಧಿಯನ್ನು ನರಕ್ಕೆ ಕೊಟ್ಟರು. ಮೊದಲ ದಿನಗಳಲ್ಲಿ ಅವರಲ್ಲೇ ಹೆಚ್ಚು ಮಂದಿಗೆ ಕ್ರಿಯಾಟಿನಿನ್ ಏರಿತು, ನಿಜ. 60 ದಿನ ಕಳೆದ ಮೇಲೆ ಎರಡು ಗುಂಪಿನ ಕಿಡ್ನಿಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಬಾವು ಇಳಿಯುತ್ತ, ಉಸಿರು ಹಗುರಾಗುತ್ತ ಅಂಕಿ ತುಸು ಏರಿದರೆ ಹೆದರಬೇಕಿಲ್ಲ. ಬಾವು ಹಾಗೇ ಇದ್ದು ಅಂಕಿಯೂ ಏರಿದರೆ ಹೆದರಬೇಕು.

ವಿಚಿತ್ರವೆಂದರೆ, ಕ್ರಿಯಾಟಿನಿನ್ನಿಗೆ ದಿನಾ ರಕ್ತ ತೆಗೆಯುವ ವಾರ್ಡಿನಲ್ಲೂ ಬಾವು ಇಳಿಯಿತೇ ಎಂದು ದಿನಾ ತೂಕ ನೋಡುವುದು ಮರೆತುಹೋಗುತ್ತದೆ. ಮೂತ್ರದ ಲೆಕ್ಕವಂತೂ ‘ಎರಡು ಸಲ ಹೋಗ್ಯಾರ್ರಿ’ ಎಂಬ ಮಗನ ಅಂದಾಜಿಗೇ ಮುಗಿಯುವುದುಂಟು. ಮೊದಲ ಆರು ಗಂಟೆಯಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಮೂತ್ರ ಬಾರದಿದ್ದರೆ ಲ್ಯಾಸಿಕ್ಸ್ ಪ್ರಮಾಣ ಏರಿಸಿ ಎಂದು ಯುರೋಪಿನ ಹೃದಯತಜ್ಞರು 2019ರಲ್ಲೇ ಹೇಳಿದ್ದಾರೆ. ಆ ಲೆಕ್ಕಕ್ಕೆ ಬೇಕಾದದ್ದು ಗೆರೆ ಹಾಕಿದ ಒಂದು ಪಾತ್ರೆ.

ತಪ್ಪೆಲ್ಲ ವಾರ್ಡಿನದೂ ಅಲ್ಲ. ಉಚ್ಚಂಗಿದುರ್ಗದ ಯಲ್ಲಮ್ಮನ ಬೆಟ್ಟ ಹತ್ತಿಳಿದ ಮಂಡಿಗೆ, ಹೊಲದಲ್ಲಿ ಬಗ್ಗಿದ ಸೊಂಟಕ್ಕೆ ಡೈಕ್ಲೋಫೆನಾಕ್ ಸೂಜಿ ನಮ್ಮ ಕಡೆ ಸಲೀಸು. ಬಿ.ಪಿ. ಗುಳಿಗೆ, ನೀರಿನ ಗುಳಿಗೆಗಳ ಜೊತೆ ಅದು ಸೇರಿದರೆ ಕಿಡ್ನಿಗೆ ಉಳಿಗಾಲವಿಲ್ಲ. ನಿಲ್ಲಿಸಬೇಕಾದದ್ದು ಮೊದಲು ಅದನ್ನು. ಹಳೆಯ ರಿಪೋರ್ಟೂ ಬೇಕು: ವರ್ಷದಿಂದ 1.6 ಇದ್ದವರನ್ನು ನಿನ್ನೆ ಪೆಟ್ಟು ತಿಂದವರೆಂದು ತಿಳಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಬಿಡುಗಡೆ ಚೀಟಿಯಲ್ಲಿ ಆ ದಿನದ ತೂಕವನ್ನೂ ಕ್ರಿಯಾಟಿನಿನ್ನನ್ನೂ ಕನ್ನಡದಲ್ಲಿ ಬರೆದುಕೊಡಲಿ. ಮೂರು ದಿನದಲ್ಲಿ ತೂಕ ಎರಡು ಕೆ.ಜಿ.ಗಿಂತ ಹೆಚ್ಚು ಏರಿದರೆ ತಡಮಾಡದೆ ಬನ್ನಿ, ಇಲ್ಲದಿದ್ದರೂ ಎರಡು ವಾರದೊಳಗೆ ರಕ್ತ ತೋರಿಸಿ ಎಂಬುದನ್ನೂ.