‘ಮಾನವ ಕುಟುಂಬ’ ಚಿತ್ರಪ್ರದರ್ಶನವೂ ಸಾಧಾರಣೀಕರಣ ತತ್ತ್ವವೂ

ರಸವೆಂಬುದು ಕಾವ್ಯನಾಟಕಗಳಿಗೆ ಮಾತ್ರ ಸೇರಿದುದೋ, ಯಂತ್ರದ ಮೂಲಕ ಹುಟ್ಟುವ ಚಿತ್ರಕ್ಕೂ ಸಲ್ಲುವುದೋ ಎಂಬ ಪ್ರಶ್ನೆಯು ಪ್ರಾಚೀನ ಆಲಂಕಾರಿಕರಿಗೆ ಒದಗಲಿಲ್ಲ. ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಆದರೂ ಅವರು ಸಿದ್ಧಪಡಿಸಿಟ್ಟ ಒರೆಗಲ್ಲು ಈ ಹೊಸ ಚಿನ್ನವನ್ನು ಪರೀಕ್ಷಿಸುವುದಕ್ಕೂ ಸಮರ್ಥವಾಗಿರುವುದು. ಇದಕ್ಕೆ ತಕ್ಕ ನಿದರ್ಶನವು ‘ದಿ ಫ್ಯಾಮಿಲಿ ಆಫ್ ಮ್ಯಾನ್’, ಎಂದರೆ ‘ಮಾನವ ಕುಟುಂಬ’ವೆಂದು ಹೆಸರಾದ ಛಾಯಾಚಿತ್ರಗಳ ಮಹಾಪ್ರದರ್ಶನ.

ಈ ಪ್ರದರ್ಶನವನ್ನು ಯೋಜಿಸಿದವನು ಎಡ್ವರ್ಡ್ ಸ್ಟೈಕನ್. ಆತನು 1879ರಲ್ಲಿ ಲಕ್ಸೆಂಬರ್ಗ್ ಎಂಬ ಸಣ್ಣ ದೇಶದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಾ ಸೇರಿದನು. ಎರಡು ಮಹಾಯುದ್ಧಗಳನ್ನೂ ಹತ್ತಿರದಿಂದ ಕಂಡನು. ನ್ಯೂಯಾರ್ಕಿನ ಆಧುನಿಕ ಕಲಾಮಂದಿರದಲ್ಲಿ ಛಾಯಾಚಿತ್ರ ವಿಭಾಗದ ಮುಖ್ಯಸ್ಥನಾಗಿದ್ದ ಕಾಲದಲ್ಲಿ, ಲೋಕದ ನಾನಾ ಭಾಗಗಳಿಂದ ಬಂದ ಲಕ್ಷಾಂತರ ಚಿತ್ರಗಳನ್ನು ಸೋಸಿ, 68 ದೇಶಗಳ 273 ಮಂದಿ ತೆಗೆದ 503 ಚಿತ್ರಗಳನ್ನು ಆರಿಸಿದನು. 1955ರ ಜನವರಿ 24ರಂದು ಪ್ರದರ್ಶನವು ತೆರೆಯಿತು. ಅನಂತರ ಅದರ ಪ್ರತಿಗಳು ದೇಶದೇಶಗಳನ್ನು ಸಂಚರಿಸಿದುವು. ಭಾರತದ ನಗರಗಳಿಗೂ ಬಂದುವು. ತೊಂಬತ್ತು ಲಕ್ಷಕ್ಕೆ ಮೀರಿದ ಜನರು ಅದನ್ನು ನೋಡಿದರೆಂದು ಲೆಕ್ಕವಿರುವುದು. 1994ರಿಂದ ಅದು ಲಕ್ಸೆಂಬರ್ಗಿನ ಕ್ಲೆರ್ವೋ ದುರ್ಗದಲ್ಲಿ ಸ್ಥಿರವಾಗಿ ನೆಲಸಿದೆ. 2003ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಲೋಕಸ್ಮೃತಿಯ ಪಟ್ಟಿಗೆ ಸೇರಿಸಿತು. ಅದರ ಪುಸ್ತಕವು ಇಂದಿಗೂ ಓದುಗರ ಕೈಗೆ ಸಿಕ್ಕುತ್ತಿರುವುದು.

ಚಿತ್ರಗಳ ಜೋಡಣೆಯು ಮನುಷ್ಯನ ಆಯುಸ್ಸಿನ ಕ್ರಮವನ್ನು ಅನುಸರಿಸುವುದು. ಪ್ರಣಯ, ವಿವಾಹ, ಪ್ರಸವ, ಶೈಶವ, ಆಟ, ದುಡಿಮೆ, ಊಟ, ನೃತ್ಯ, ವಿದ್ಯೆ, ಹಸಿವು, ಶೋಕ, ಪ್ರಾರ್ಥನೆ, ಮರಣ ಎಂದು ಒಂದೊಂದು ಪ್ರಕರಣ. ಒಂದೊಂದರಲ್ಲಿಯೂ ಹಲವು ದೇಶಗಳವರು. ನಡುನಡುವೆ ಪೆರು ದೇಶದ ಹುಡುಗನೊಬ್ಬನು ನಗುತ್ತ ಕೊಳಲೂದುವ ಒಂದೇ ಚಿತ್ರವು ಪಲ್ಲವಿಯಂತೆ ಮರಳಿಮರಳಿ ಬರುವುದು. ಸಿಸಿಲಿ, ಜಪಾನು, ಅಮೆರಿಕಾ, ಆಫ್ರಿಕದ ಬೆಚುವಾನಾಲ್ಯಾಂಡು ಈ ನಾಲ್ಕೆಡೆಯ ನಾಲ್ಕು ಸಂಸಾರಗಳು ಎದುರೆದುರಾಗಿ ನಿಂತಿರುವುವು. ಕೊನೆಯ ಭಾಗದಲ್ಲಿ ಹೈಡ್ರೋಜನ್ ಬಾಂಬಿನ ಸ್ಫೋಟದ ಬೃಹಚ್ಚಿತ್ರವನ್ನು ಬಣ್ಣದಲ್ಲಿಯೇ ಇರಿಸಲಾಗಿತ್ತು, ಮಿಕ್ಕುವೆಲ್ಲ ಕಪ್ಪುಬಿಳುಪು. ಸಮಾಪ್ತಿಯಲ್ಲಿ ಕತ್ತಲ ಮರಗಳ ನಡುವಿನಿಂದ ಬೆಳಕಿಗೆ ಕಾಲಿಡುವ ಇಬ್ಬರು ಮಕ್ಕಳು. ಕುಟುಂಬವೆಂದು ತಿಳಿದು ಬಾಳುವಿರೋ, ಒಟ್ಟಿಗೆ ಬೂದಿಯಾಗುವಿರೋ ಎಂಬುದೇ ಇದರ ಧ್ವನಿ. ಯುದ್ಧವು ಮುಗಿದು ಹತ್ತು ವರ್ಷವಷ್ಟೇ ಆಗಿದ್ದ ಕಾಲದಲ್ಲಿ ಈ ಧ್ವನಿಯು ಜನಮನವನ್ನು ಕಲಕಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆಕ್ಷೇಪವೂ ಕೂಡಲೇ ಹುಟ್ಟಿತು. ಪ್ಯಾರಿಸ್ಸಿಗೆ ಪ್ರದರ್ಶನವು ಬಂದಾಗ ರೋಲಾ ಬಾರ್ತ್ ಎಂಬ ಫ್ರೆಂಚ್ ವಿಮರ್ಶಕನು ಅದನ್ನು ಬಲವಾಗಿ ಖಂಡಿಸಿದನು; ಆ ಲೇಖನವು 1957ರ ಆತನ ಗ್ರಂಥದಲ್ಲಿ ಸೇರಿದೆ. ಎಲ್ಲರೂ ಹುಟ್ಟುವರು, ಎಲ್ಲರೂ ಸಾಯುವರು, ನಿಜ. ಆದರೆ ಹುಟ್ಟಿದ ಕೂಸು ಬದುಕುವುದೋ ಇಲ್ಲವೋ, ತಾಯಿಗೆ ವೈದ್ಯನು ದೊರೆಯುವನೋ ಇಲ್ಲವೋ ಎಂಬುದನ್ನು ನಿಶ್ಚಯಿಸುವುದು ಪ್ರಕೃತಿಯಲ್ಲ, ಚರಿತ್ರೆಯೆಂದು ಆತನ ವಾದದ ಸಾರ. 1955ರಲ್ಲಿಯೇ ಅಮೆರಿಕಾದ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕರಿಯ ಬಾಲಕನನ್ನು ಬಿಳಿಯರು ಕೊಂದರು. ಈ ದೊಡ್ಡ ಕುಟುಂಬದ ವಿಷಯವಾಗಿ ಆ ಬಾಲಕನ ಹೆತ್ತವರ ಅಭಿಪ್ರಾಯವೇನೆಂದು ಬಾರ್ತನು ಕೇಳಿದನು.

ಈ ಆಕ್ಷೇಪಕ್ಕೆ ಪ್ರದರ್ಶನದ ಚರಿತ್ರೆಯೇ ಪುಷ್ಟಿಕೊಡುವುದು. ಕರಿಯನೊಬ್ಬನನ್ನು ಮರಕ್ಕೆ ಕಟ್ಟಿ ಹಿಂಸಿಸಿ ಕೊಂದ ಚಿತ್ರವೊಂದು ನ್ಯೂಯಾರ್ಕಿನಲ್ಲಿ ಮೊದಲು ಇದ್ದಿತು. ನೋಟಕರು ಅದರ ಮುಂದೆಯೇ ನಿಂತುಬಿಡುವರು, ಒಟ್ಟಂದವು ಕೆಡುವುದು ಎಂದು ಕೆಲವೇ ದಿನಗಳಲ್ಲಿ ತೆಗೆಯಲಾಯಿತು. 1956ರಲ್ಲಿ ಜಪಾನಿನ ಚಕ್ರವರ್ತಿಯು ನೋಡಲು ಬಂದಾಗ ನಾಗಸಾಕಿಯ ಚಿತ್ರಗಳಿಗೆ ತೆರೆ ಹಾಕಲಾಯಿತು. 1959ರಲ್ಲಿ ಮಾಸ್ಕೋ ನಗರದಲ್ಲಿ ನೈಜೀರಿಯಾ ದೇಶದ ವಿದ್ಯಾರ್ಥಿಯೊಬ್ಬನು, ಆಫ್ರಿಕದವರನ್ನು ಹೀನವಾಗಿ ತೋರಿಸಿದೆಯೆಂದು ಕೆರಳಿ ಹಲವು ಚಿತ್ರಗಳನ್ನು ಹರಿದನು. ಕುಟುಂಬದೊಳಗೆ ಸೇರಿಸಲ್ಪಟ್ಟವನೇ ಆ ಗೌರವವನ್ನು ಬೇಡವೆಂದ ಮೇಲೆ ವಿಚಾರವಂತನು ಸುಮ್ಮನಿರಲಾಗದು.

ಹಾಗಾದರೆ ಭಿನ್ನದೇಶಗಳ ಸುಖದುಃಖಗಳಲ್ಲಿ ಏಕತ್ವವನ್ನು ಕಾಣುವುದೇ ಭ್ರಾಂತಿಯೋ? ಅಲ್ಲ. ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ತಿದ್ದಿ ಬೆಳೆಸಿದ ಸಾಧಾರಣೀಕರಣವೆಂಬ ತತ್ತ್ವವು ಇಲ್ಲಿ ದಾರಿತೋರುವುದು. ಸಹೃದಯನು ನಾಟಕವನ್ನು ನೋಡುವಾಗ, ಇದು ನನ್ನ ದುಃಖ, ಇದು ಪರರ ದುಃಖ ಎಂಬ ಕಟ್ಟು ಕಳಚಿ, ದುಃಖವು ಎಲ್ಲರಿಗೂ ಸಾಧಾರಣವಾಗಿ ಆಸ್ವಾದ್ಯವಾಗುವುದು. ದೇಶಕಾಲವಿಶೇಷಗಳು ಮನಸ್ಸನ್ನು ಕಟ್ಟಿಹಾಕುವುದು ರಸಕ್ಕೆ ವಿಘ್ನವೆಂದೂ ಅಭಿನವಗುಪ್ತನು ಎಣಿಸಿರುವನು. ಇಷ್ಟನ್ನೇ ಹಿಡಿದರೆ, ದೇಶಕಾಲಗಳನ್ನು ಒರಸಿದ ಸ್ಟೈಕನ್ನನಿಗೆ ಶಾಸ್ತ್ರದ ಒಪ್ಪಿಗೆಯಿದೆಯೆಂದು ತೋರಬಹುದು.

ಆದರೆ ಆ ಆಚಾರ್ಯನೇ ಕೊಟ್ಟ ಉದಾಹರಣೆಯನ್ನು ನೋಡಬೇಕು. ಅದು ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ. ಅಲ್ಲಿ ಭಯವು ಜಿಂಕೆಯದೂ ಅಲ್ಲ, ನೋಟಕನದೂ ಅಲ್ಲ, ಭಯವೇ ಮೂರ್ತಿವೆತ್ತಂತಿರುವುದು. ಆದರೆ ಕಾಳಿದಾಸನು ಅದಕ್ಕಾಗಿ ರಥವನ್ನು ಬಿಟ್ಟನೇ, ಬಾಣವನ್ನು ಮರೆಸಿದನೇ? ಬಾಯಿಂದ ಉದುರುವ ಅರೆಯಗಿದ ದರ್ಭೆಯನ್ನೂ ಆತನು ಬಿಡಲಿಲ್ಲ. ದೇಶಕಾಲಗಳ ಕಟ್ಟು ಕಳಚಬೇಕಾದುದು ಸಹೃದಯನ ಚಿತ್ತದಲ್ಲಿ. ಕೃತಿಯಲ್ಲಿ ವಿಭಾವಾನುಭಾವಗಳು ಪೂರ್ಣವಾಗಿರಬೇಕು. ಬೇಟೆಗಾರನನ್ನು ತೆಗೆದುಹಾಕಿ ಓಡುವ ಜಿಂಕೆಯೊಂದನ್ನೇ ತೋರಿಸಿದರೆ ಭಯಾನಕರಸವು ಹುಟ್ಟದು. ಜಿಂಕೆಗಳು ಓಡುವುವು ಎಂಬ ಸಾಮಾನ್ಯಜ್ಞಾನ ಮಾತ್ರ ಹುಟ್ಟುವುದು. ಪದದ ಅರ್ಥವು ಜಾತಿಯೊಂದೇ ಅಲ್ಲ, ವ್ಯಕ್ತಿ ಆಕೃತಿ ಜಾತಿ ಮೂರೂ ಸೇರಿದುದೆಂದು ನೈಯಾಯಿಕರು ಹೇಳುವರು. ಚಿತ್ರದ ಅರ್ಥವೂ ಹಾಗೆಯೇ. ಪ್ರದರ್ಶನವು ಚಿತ್ರದ ಕೆಳಗೆ ದೇಶದ ಹೆಸರನ್ನೂ ತೆಗೆದವನ ಹೆಸರನ್ನೂ ಬರೆದು ನಿಂತಿತು. ಯಾವ ವರುಷ, ಯಾವ ಸಂಕಟ, ಯಾರಿಂದ ಬಂದುದು ಎಂಬುದನ್ನು ಹೇಳಲಿಲ್ಲ. ಅದು ಜಾತಿಯನ್ನು ಉಳಿಸಿಕೊಂಡು ವ್ಯಕ್ತಿಯನ್ನು ಬಿಟ್ಟಿತು.

ಗುಣದೋಷಗಳೆರಡನ್ನೂ ಒಂದೇ ಚಿತ್ರದಲ್ಲಿ ಕಾಣಬಹುದು. ಡೊರೊಥಿಯಾ ಲ್ಯಾಂಗ್ ಎಂಬಾಕೆಯು 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಹಿಮಬಿದ್ದು ಬಟಾಣಿಯ ಬೆಳೆ ಕೆಟ್ಟು ಕೂಲಿಯಿಲ್ಲದೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರವನ್ನು ತೆಗೆದಳು. ಮುಖ ಮರೆಸಿಕೊಂಡು ಹೆಗಲಿಗೊರಗಿದ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು, ಕೆನ್ನೆಯ ಬಳಿ ಕೈ, ದೂರದಲ್ಲಿ ನೆಟ್ಟ ದೃಷ್ಟಿ. ಅನುಭಾವಗಳು ಇಲ್ಲಿ ಎಷ್ಟು ತುಂಬಿವೆಯೆಂದರೆ ಭಾಷೆಯರಿಯದವನಿಗೂ ಕರುಣವು ಸಿದ್ಧಿಸುವುದು. ಆದರೆ ಆ ತಾಯಿಯು ಅಮೆರಿಕಾದ ಮೂಲನಿವಾಸಿಗಳಾದ ಚೆರೋಕಿ ಕುಲದವಳೆಂಬುದು ಬಹುಕಾಲ ನೋಟಕರಿಗೆ ತಿಳಿದಿರಲಿಲ್ಲ. ಲೋಕವೆಲ್ಲ ಕೊಂಡಾಡಿದ ಆ ಚಿತ್ರದಿಂದ ತನಗೊಂದು ಕಾಸೂ ಬರಲಿಲ್ಲವೆಂದು ಆಕೆಯು 1978ರಲ್ಲಿ ಹೇಳಿಕೊಂಡಳು.

ಇದಕ್ಕೆ ಭವಭೂತಿಯ ಉತ್ತರರಾಮಚರಿತದ ಚಿತ್ರದರ್ಶನದ ಅಂಕವನ್ನು ಹೋಲಿಸಬಹುದು. ತಮ್ಮ ವನವಾಸದ ಚಿತ್ರಗಳನ್ನು ನೋಡುತ್ತ ಸೀತೆಯು ಶೂರ್ಪಣಖೆಯನ್ನು ಕಂಡು ನಡುಗುವಳು. ಇದು ಬರಿಯ ಚಿತ್ರವೆಂದು ರಾಮನು ಸಂತೈಸುವನು. ಜನಸ್ಥಾನದ ಚಿತ್ರ ಬಂದಾಗ ಸಂತೈಸಿದವನೇ ಕಣ್ಣೀರಿಡುವನು. ನಾಟಕವನ್ನು ನೋಡುವವರಿಗೆ ಅದು ಕರುಣರಸ. ಅನುಭವಿಸಿದವರಿಗೆ ಅದು ಶೋಕ. ಎಮೆಟ್ ಟಿಲ್‌ನ ತಾಯಿಯೂ ನಿಪೋಮೋದ ತಾಯಿಯೂ ರಾಮಸೀತೆಯರ ಸ್ಥಾನದಲ್ಲಿರುವವರು. ಸಹೃದಯನು ತನ್ನ ಕಣ್ಣೀರಿನಿಂದಲೇ ಅವರ ಋಣವು ತೀರಿತೆಂದು ತಿಳಿಯಬಾರದು.

ಇನ್ನೊಂದು ಮಾತು. ಈ ಪ್ರದರ್ಶನವನ್ನು ದೇಶಾಂತರಗಳಿಗೆ ಒಯ್ದುದು ಅಮೆರಿಕಾ ಸರ್ಕಾರದ ವಾರ್ತಾಸಂಸ್ಥೆ. ಕಾಲವು ರಷ್ಯದೊಡನೆ ಶೀತಲಸಮರದ ಕಾಲ. ವಸುಧೆಯನ್ನೆಲ್ಲ ಕುಟುಂಬವಾಗಿ ಭಾವಿಸುವ ಪ್ರಸಿದ್ಧ ಸೂಕ್ತಿಯು ಹಿತೋಪದೇಶದಲ್ಲಿ ಯಾರ ಬಾಯಲ್ಲಿ ಬರುವುದೆಂಬುದನ್ನು ಸಭೆಗಳಲ್ಲಿ ಅದನ್ನು ಉದಾಹರಿಸುವವರು ನೆನೆಯುವುದು ಅಪರೂಪ. ಕೊಬ್ಬಿದ ಜಿಂಕೆಯ ಸ್ನೇಹವನ್ನು ಸಂಪಾದಿಸಬಂದ ನರಿಯು, ಎಚ್ಚರಿಸಿದ ಕಾಗೆಗೆ ಹೇಳಿದ ಮಾತದು. ನರಿಯು ಹೇಳಿತೆಂದು ಸೂಕ್ತಿಯು ಸುಳ್ಳಾಗದು. ಆದರೆ ಹೇಳುವವನಾರು, ಯಾವ ಪ್ರಯೋಜನಕ್ಕೆ ಎಂದು ಕೇಳುವ ಕಾಗೆಯೂ ಬೇಕು. ಸ್ಟೈಕನ್ನನ ಅಂತಃಕರಣವು ಶುದ್ಧವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಬಾರ್ತನು ಕಾಗೆಯ ಕೆಲಸವನ್ನು ಮಾಡಿದನು. ಇಬ್ಬರೂ ಅವಶ್ಯಕರು.

ಆದುದರಿಂದ ತೀರ್ಮಾನವನ್ನು ಹೀಗೆ ಹೇಳಬಹುದು. ಮಾಲೆಯಾಗಿ ನೋಡಿದರೆ ಪ್ರದರ್ಶನವು ಸಾಮಾನ್ಯವನ್ನೇ ರಸವೆಂದು ಭ್ರಮಿಸಿದೆ. ಬಿಡಿಹೂವಾಗಿ ನೋಡಿದರೆ ಅದರಲ್ಲಿ ಬಾಡದ ಹೂವುಗಳಿವೆ. ಬೆಚುವಾನಾಲ್ಯಾಂಡಿನ ಮುದುಕನು ಕೈಗಳನ್ನೆತ್ತಿ ಕಥೆ ಹೇಳುತ್ತಿರುವ, ಸುತ್ತ ಕುಳಿತ ಮಕ್ಕಳು ಬಾಯಿಬಿಟ್ಟು ಕೇಳುತ್ತಿರುವ ಚಿತ್ರವನ್ನು ಕಂಡ ಯಾವ ಮನೆಯವರಿಗೂ ತಮ್ಮ ಜಗಲಿಯು ನೆನಪಾಗದಿರದು. ಅದು ಅಳಿಯದ ಲಾಭ. ಆದರೆ ಅಷ್ಟಕ್ಕೇ ನಿಲ್ಲದೆ, ಆ ಮುದುಕನ ನೆಲವು ಆಗ ಯಾರ ಆಳ್ವಿಕೆಯಲ್ಲಿದ್ದಿತು, ಅದು 1966ರಲ್ಲಿ ಬೋಟ್ಸ್ವಾನಾ ಎಂಬ ಸ್ವತಂತ್ರದೇಶವಾದುದು ಹೇಗೆ ಎಂದು ಮಕ್ಕಳಿಗೆ ತಿಳಿಸಿದಲ್ಲಿ, ಚಿತ್ರವು ರಸವನ್ನೂ ಕೊಡುವುದು, ವಿವೇಕವನ್ನೂ ಕೊಡುವುದು. ಬಂಧುವೆಂದು ಕರೆದವನ ಹೆಸರನ್ನೂ ಊರನ್ನೂ ಕಷ್ಟವನ್ನೂ ಕೇಳಿ ತಿಳಿಯುವುದೇ ಬಂಧುತ್ವದ ಮೊದಲ ಮರ್ಯಾದೆ.