ರಫಿ ಕೇಳುವ ಬಗೆ

ಹಿಂದಿ ಹಿನ್ನೆಲೆ ಗಾಯಕ ಮೊಹಮ್ಮದ್ ರಫಿಯವರ ಹಾಡುಗಳ ರಸಮಂಜರಿಗೆ ಹೋದರೆ ನನಗೆ ತಲೆ ಕೆಡುತ್ತದೆ. 'ಬೈಜು ಬಾವ್ರಾ'ದ (1952) ದರ್ಬಾರಿ ಹಾಡು ಶುರುವಾದರೆ ಸಾಕು, ಸಭೆಯೆಲ್ಲ ಕೊನೆಯ ತಾರಸ್ವರಕ್ಕೇ ಕಾದು ಕೂತಿರುತ್ತದೆ. ಗಾಯಕ ಅಲ್ಲಿಗೆ ಮುಟ್ಟಿದರೆ ಶಿಳ್ಳೆ, ಮುಟ್ಟದಿದ್ದರೆ ಗದ್ದಲ. ಅಷ್ಟರತನಕ ದೇವರನ್ನು ಬೇಡಿಕೊಂಡು, ದೂರಿಕೊಂಡು ಬಂದವನ ಸಂಕಟ ಯಾರಿಗೂ ಬೇಡ. ಉರ್ದು ಕೇಳುತ್ತಲೇ ಬೆಳೆದ ನಮ್ಮ ಕಲಬುರಗಿಯವರೂ ಹೀಗೆ ಮಾಡಿದರೆ ಹೇಗೆ?

ಹೊಸಬರಿಗೆ ನಾನು ಹೇಳುವುದು ಒಂದೇ: ಅದೇ ಸಾಲು ಮತ್ತೆ ಬಂದಾಗ ಕಿವಿ ಕೊಡಿ. 'ಕಾಶ್ಮೀರ್ ಕಿ ಕಲಿ'ಯ (1964) ದೋಣಿ ಹಾಡನ್ನೇ ತಗೊಳ್ಳಿ, ಸಂಗೀತ ಓ.ಪಿ. ನಯ್ಯರ್ ಅವರದು. ಕೊನೆಗೆ ಹೊಗಳಿಕೆಯ ಒಂದೇ ತುಣುಕು ಮೇಲಿಂದ ಮೇಲೆ ಬರುತ್ತದೆ. ಒಮ್ಮೆ ಮೊದಲ ಅಕ್ಷರಕ್ಕೇ ಒತ್ತು, ಒಮ್ಮೆ ನಡುವೆ ಜೀಕು, ಇನ್ನೊಮ್ಮೆ ಮಾತು ಸಾಲದೆ ತಡವರಿಸಿದವನ ಅವಸರ. ಪರದೆಯ ಮೇಲೆ ಶಮ್ಮಿ ಕಪೂರ್ ಕುಣಿದು ಕುಣಿದು ನೀರಿಗೆ ಬೀಳುತ್ತಾರೆ, ಜನ ನಗುತ್ತಾರೆ. ಕಣ್ಣು ಮುಚ್ಚಿ ಕೇಳಿ, ಆ ಕುಣಿತವೆಲ್ಲ ದನಿಯಲ್ಲೇ ಇದೆ. ಆಮೇಲೆ 'ಹಮ್ ದೋನೋ'ದ (1961) ಬೇಫಿಕೀರಿ ಹಾಡು ಹಚ್ಚಿ. ಜೈದೇವರ ಸಂಗೀತ, ದೇವ್ ಆನಂದರ ಸಿಗರೇಟಿನ ಹೊಗೆ. ಪಲ್ಲವಿ ಮರಳಿದಾಗಲೆಲ್ಲ ಬೇಫಿಕೀರಿ ಇನ್ನಷ್ಟು ಸಡಿಲಾಗುತ್ತದೆ; ಒಂದು ಕಡೆಯೂ ಕೂಗಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ಕಮಲಾಪುರದ ನಮ್ಮ ಕಾಕಾ. ಬುಧವಾರ ರಾತ್ರಿ ರೇಡಿಯೊದಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ, ಸಿನಿಮಾ ಹಾಡುಗಳಿಗೆ ನಂಬರ್ ಕೊಡುವ ಕಾರ್ಯಕ್ರಮ. ನಾನು ಯಾವ ಹಾಡು ಮೊದಲನೇ ಪಾಯದಾನಕ್ಕೆ (ಮೆಟ್ಟಿಲಿಗೆ) ಏರಿತೆಂದು ಕುಣಿಯುತ್ತಿದ್ದರೆ ಕಾಕಾ, "ಏ ತಮ್ಮಾ, ನಂಬರ್ ಬಿಡು. ಈಗ ಅದೇ ಸಾಲು ಬಂತಲ್ಲ, ಮೊದಲಿನಂಗೇ ಐತೇನು ಹೇಳು" ಎಂದು ಗದರಿದರು. ಹೇಳಲು ಬರಲಿಲ್ಲ. ಮುಂದಿನ ಬುಧವಾರದಿಂದ ನಂಬರ್ ಬರೆದಿಡುವುದನ್ನು ಬಿಟ್ಟೆ.

ಉಳಿದದ್ದು ಚರಿತ್ರೆ. ರಫಿಯವರಿಗೆ ಆರು ಫಿಲ್ಮ್‌ಫೇರ್, 1967ರಲ್ಲಿ ಪದ್ಮಶ್ರೀ. ರಾಯಲ್ಟಿ ವಿಷಯಕ್ಕೆ ಗಾಯಕಿ ಲತಾ ಮಂಗೇಶ್ಕರ್ ಜೊತೆ ಕೆಲವು ವರ್ಷ ಮಾತಿಲ್ಲ, ಹಾಡಿಲ್ಲ. 1969ರ 'ಆರಾಧನಾ' ಬಂದ ಮೇಲೆ ಗಾಯಕ ಕಿಶೋರ್ ಕುಮಾರ್ ಅಲೆ. 1977ರ 'ಹಮ್ ಕಿಸೀಸೆ ಕಮ್ ನಹೀಂ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ. 1980ರ ಜುಲೈ 31ರಂದು ತೀರಿಕೊಂಡಾಗ ವಯಸ್ಸು 55. ರಫಿ ದೊಡ್ಡವರೋ ಕಿಶೋರ್ ದೊಡ್ಡವರೋ ಎಂದು ಚಹಾದಂಗಡಿಯಲ್ಲಿ ಕಿತ್ತಾಡುವವರಿಗೆ ಈ ಬರಹ ಅಲ್ಲ.

ಕನ್ನಡದಲ್ಲೂ ರಫಿ 'ಒಂದೇ ಬಳ್ಳಿಯ ಹೂಗಳು' (1967) ಚಿತ್ರಕ್ಕೆ ಸತ್ಯಂ ಸಂಗೀತದಲ್ಲಿ ಹಾಡಿದ್ದಾರೆ. ಉಚ್ಚಾರದ ತಪ್ಪು ಹುಡುಕುವವರು ಹುಡುಕಿಕೊಳ್ಳಲಿ. ನೀವು ಪಲ್ಲವಿ ಮರಳಿ ಬರುವ ಜಾಗಕ್ಕೆ ಕಾಯಿರಿ. ರಸಮಂಜರಿಗೂ ಹೋಗಿ, ಬೇಡ ಎನ್ನುವುದಿಲ್ಲ. ಶಿಳ್ಳೆ ಹೊಡೆಯುವವರ ಪಕ್ಕ ಮಾತ್ರ ಕೂಡಬೇಡಿ.